ಮಗಳು ಹೋಗುವ ಊರಿಗೆ ಮೇಯರ್ ಇಲ್ಲವಂತೆ, ನೀರು ಯಾರು ಕೊಡುತ್ತಾರೆ?

ಕೆರೆದಂಡೆ ಮನೆ, ಬೆಂಗಳೂರು

ಮಗಳು, ಅಳಿಯ ಮುಂದಿನ ತಿಂಗಳು ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ) ಮನೆ ಬದಲಾಯಿಸುತ್ತಿದ್ದಾರೆ. ಸಮುದ್ರದ ಪಕ್ಕದ ಪುಟ್ಟ ಊರು, ಅದರ ಹೆಸರೂ ಮೆಂಡೊಸಿನೊ. "ಅತ್ತೆ, ಆ ಊರಿಗೆ ಮೇಯರೂ ಇಲ್ಲ, ಕೌನ್ಸಿಲ್ಲೂ ಇಲ್ಲ" ಎಂದು ಅಳಿಯ ನಿನ್ನೆ ಹೇಳಿದರು. ಆಗಿನಿಂದ ನನಗೆ ಅದೇ ಯೋಚನೆ.

ನಮ್ಮದು 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಕಾವೇರಿ ಐದನೇ ಹಂತದ ನೀರು ಶುರುವಾಗಿದ್ದು 2024ರಲ್ಲಿ. ಅಲ್ಲಿಯವರೆಗೆ ಟ್ಯಾಂಕರ್‌ನಲ್ಲೇ ಬದುಕಿದ್ದೇವೆ. ಮಗಳು ಪಿಯುಸಿ ಓದುವಾಗ ಬೆಳಗ್ಗೆ ಎದ್ದ ಕೂಡಲೇ ಸಂಪಿನ ಮುಚ್ಚಳ ಸರಿಸಿ, ಬಿದಿರು ಕೋಲು ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆ ಅಂತ ನೋಡುತ್ತಿದ್ದಳು. ಮೊಳಕ್ಕಿಂತ ಕಡಿಮೆ ಇದ್ದರೆ ಆ ದಿನ ಬಟ್ಟೆ ಒಗೆಯುವ ಹಾಗಿಲ್ಲ. ಅವಳಿಗೆ ಮತ್ತೆ ಆ ಪಾಡು ಬೇಡ. ಆ ಕಡೆ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಜಯನಗರದ ಓದುಗ

ಅಕ್ಕ, ನಾನು ಅಲ್ಲಿಗೆ ಹತ್ತು ಮೈಲಿ ದೂರದ ಫೋರ್ಟ್ ಬ್ರ್ಯಾಗ್‌ನಲ್ಲಿ ಆರು ವರ್ಷ ಇದ್ದೆ. ನಿಮ್ಮ ಅಳಿಯ ಹೇಳಿದ್ದು ನಿಜ, ಆದರೆ ಗಾಬರಿ ಬೇಡ.

ಇಡೀ ಕೌಂಟಿಯಲ್ಲಿ ಪುರಸಭೆ ಥರ ಸ್ವಂತ ಆಡಳಿತ ಇರುವ ಊರು ನಾಲ್ಕೇ: ಯುಕಾಯಾ, ವಿಲಿಟ್ಸ್, ಫೋರ್ಟ್ ಬ್ರ್ಯಾಗ್, ಪಾಯಿಂಟ್ ಅರೀನಾ. ಮೂರರಲ್ಲಿ ಎರಡು ಪಾಲು ಜನ ಇವುಗಳ ಹೊರಗೇ ಇದ್ದಾರೆ. ಕ್ಯಾಸ್ಪರ್, ಲಿಟಲ್ ರಿವರ್, ಆಲ್ಬಿಯನ್, ಎಲ್ಕ್, ಎಲ್ಲವೂ ನಿಮ್ಮ ಮಗಳ ಊರಿನ ಥರವೇ. ಮರದ ಮಿಲ್ಲುಗಳ ಸುತ್ತ ಬೆಳೆದ ಊರುಗಳು ಇವು. ಮಿಲ್ಲು ಹೋಯಿತು, ಮನೆಗಳು ಉಳಿದವು. ರಸ್ತೆ, ಕಟ್ಟಡದ ಪರವಾನಗಿಯನ್ನೆಲ್ಲ ಕೌಂಟಿಯೇ ನೋಡುತ್ತದೆ. ಪೊಲೀಸ್ ಕೆಲಸ ಶೆರಿಫ್‌ದು. ಕೌಂಟಿ ನಡೆಸುವುದು ಚುನಾಯಿತರಾದ ಐದು ಜನ ಸೂಪರ್‌ವೈಸರ್‌ಗಳು, ಅವರು ಬೆಟ್ಟದಾಚೆ ಯುಕಾಯಾದಲ್ಲಿ ಸಭೆ ಸೇರುತ್ತಾರೆ. ಒಂದು ಅರ್ಜಿಗೆ ಅಂತ ಹೋದರೆ ದಿನವೇ ಹೋಗುತ್ತದೆ, ಅದೇ ಕಷ್ಟ.

ನೀರಿನ ವಿಷಯದಲ್ಲಿ ಮಾತ್ರ ನಿಮ್ಮ ಭಯ ಸರಿ. ಮೆಂಡೊಸಿನೊದಲ್ಲಿ ಮನೆಮನೆಗೆ ನಲ್ಲಿ ಇಲ್ಲ, ಬಾವಿಗಳೇ. ಊರಿನ ತುಂಬ ಹಳೇ ಮರದ ನೀರಿನ ಗೋಪುರಗಳಿವೆ. ಪ್ರವಾಸಿಗಳು ಅದರ ಫೋಟೊ ತೆಗೆಯುತ್ತಾರೆ, ಆದರೆ ಬಾವಿ ನೀರನ್ನು ಮೇಲೇರಿಸಿ ಇಡುವುದಕ್ಕೆ ಅಂತ ಕಟ್ಟಿದ್ದು ಅವು. 2021ರ ಬರದಲ್ಲಿ ಎಷ್ಟೋ ಬಾವಿ ಒಣಗಿದವು. ಮೊದಲು ಫೋರ್ಟ್ ಬ್ರ್ಯಾಗ್‌ನಿಂದ ಟ್ಯಾಂಕರ್ ಬರುತ್ತಿತ್ತು. ಆಮೇಲೆ ಅಲ್ಲೂ ನದಿ ಇಳಿದು, ಹೊರಗಿನವರಿಗೆ ಮಾರುವುದು ನಿಂತಿತು. ಆಗ ನನಗೆ ನೆನಪಾಗಿದ್ದು ನಮ್ಮ ಬೆಂಗಳೂರೇ.

ಚರಂಡಿಗೆ, ಅಂತರ್ಜಲದ ಪರ್ಮಿಟ್‌ಗೆ ಊರಿನವರದ್ದೇ ಒಂದು ಸಂಸ್ಥೆ ಇದೆ, ಅದನ್ನು ಸೇವಾ ಜಿಲ್ಲೆ ಅನ್ನುತ್ತಾರೆ. ಬಾವಿಯಿಂದ ಎಷ್ಟು ನೀರು ಎತ್ತಬಹುದು ಎಂಬ ಲೆಕ್ಕ ಅವರ ಹತ್ತಿರ ಸಿಗುತ್ತದೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮಗಳು ಮೂರು ವಿಷಯ ಕೇಳಲಿ: ಬಾವಿ ಸೆಪ್ಟೆಂಬರ್‌ನಲ್ಲಿ ಹೇಗಿರುತ್ತದೆ, ಟ್ಯಾಂಕ್ ಎಷ್ಟು ದೊಡ್ಡದು, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು. ಅಲ್ಲಿ ಮಳೆ ಚಳಿಗಾಲಕ್ಕೆ. ಬೇಸಿಗೆ ಕೊನೆಗೇ ನೀರಿನ ಕಷ್ಟ ಜಾಸ್ತಿ.

ಮಲ್ಲೇಶ್ವರ 8ನೇ ಅಡ್ಡರಸ್ತೆ

ಬೆಂಕಿ ಆರಿಸಲು ಬರುವವರು ಹೆಚ್ಚಾಗಿ ಊರಿನ ಸ್ವಯಂಸೇವಕರೇ. ನಾವು ಆಲ್ಬಿಯನ್‌ನಲ್ಲಿದ್ದಾಗ ಪಕ್ಕದ ಮನೆಯವರು ಊಟದ ತಟ್ಟೆ ಬಿಟ್ಟು ಎದ್ದು ಓಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮಗಳಿಗೆ ಹೇಳಿ, ಅಲ್ಲಿಗೆ ಹೋದ ಮೊದಲ ವಾರವೇ ಅಕ್ಕಪಕ್ಕದವರನ್ನು ಪರಿಚಯ ಮಾಡಿಕೊಳ್ಳಲಿ. ಆಸ್ಪತ್ರೆ ಫೋರ್ಟ್ ಬ್ರ್ಯಾಗ್‌ನಲ್ಲಿದೆ. ಟಾರ್ಚು, ಬ್ಯಾಟರಿ ಇಟ್ಟುಕೊಂಡಿರಲಿ, ಗಾಳಿಮಳೆಗೆ ಕರೆಂಟ್ ಹೋಗುತ್ತದೆ.

ಕೆರೆದಂಡೆ ಮನೆ, ಬೆಂಗಳೂರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೆಳಗ್ಗೆ ಮಗಳಿಗೆ ಎಲ್ಲ ಓದಿ ಹೇಳಿದೆ. ಮನೆ ಮಾಲೀಕರನ್ನು ಕೇಳಿದಳಂತೆ. 2021ರಲ್ಲಿ ಎರಡು ಸಲ ಟ್ಯಾಂಕರ್ ಹಾಕಿಸಿದ್ದರಂತೆ, ಆಮೇಲೆ ದೊಡ್ಡ ಟ್ಯಾಂಕ್ ಇಟ್ಟಿದ್ದಾರೆ. ಅದರೊಳಗೆ ನೀರು ಎಷ್ಟಿದೆ ಅಂತ ನೋಡಲು ಹೊರಗಡೆಯೇ ಗುರುತು ಇದೆಯಂತೆ. ಕೋಲು ಬೇಡ ಅಂದಳು.