ನಾಲ್ಕು ಸಲ ಗೆದ್ದ ಮೇಲೆ ‘ಭಾರತೀಯರಲ್ಲ’ ಎಂದರೆ, ತಡೆಯಬೇಕಾದವರು ಯಾರು?

ಅಂಕೋಲಾ ನಾಯಕ: ತೆಲಂಗಾಣದ ವೇಮುಲವಾಡದ ಮಾಜಿ ಶಾಸಕ ಚೆನ್ನಮನೇನಿ ರಮೇಶ್ ಜರ್ಮನ್ ಪ್ರಜೆ ಎಂದು ಅಲ್ಲಿನ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿ, 30 ಲಕ್ಷ ರೂಪಾಯಿ ದಂಡ ಹಾಕಿತು. ಇವರು 2009ರಿಂದ 2018ರ ನಡುವೆ ನಾಲ್ಕು ಸಲ ಗೆದ್ದವರು. ತೀರ್ಪು ಬರುವ ಹೊತ್ತಿಗೆ ಶಾಸಕರಾಗಿಯೇ ಉಳಿದಿರಲಿಲ್ಲ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು! ನಾಮಪತ್ರ ತೆಗೆದುಕೊಂಡ ಚುನಾವಣಾಧಿಕಾರಿಗೆ ಕಣ್ಣಿರಲಿಲ್ಲವೇ?

ಕಾರವಾರದ ವಕೀಲ: ನಾಯಕರೇ, ಆ ಅಧಿಕಾರಿಯನ್ನು ಬೈದು ಪ್ರಯೋಜನವಿಲ್ಲ. ನಾಮಪತ್ರ ಪರಿಶೀಲನೆ ಮೇಲ್ನೋಟದ ವಿಚಾರಣೆ ಮಾತ್ರ. ಒಬ್ಬರು ವಿದೇಶಿ ಪೌರತ್ವ ಪಡೆದಿದ್ದಾರೆಯೇ ಎಂಬುದನ್ನು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ತೀರ್ಮಾನಿಸುವುದು ಕೇಂದ್ರ ಸರ್ಕಾರ. ರಮೇಶ್ 2008ರಲ್ಲಿ ಭಾರತೀಯ ಪೌರತ್ವವನ್ನು ಮರಳಿ ಕೇಳಿದಾಗ, ಅರ್ಜಿಗೆ ಹಿಂದಿನ ಒಂದು ವರ್ಷ ದೇಶದಲ್ಲೇ ಇದ್ದಿರಬೇಕಿತ್ತು. ಆ ಅವಧಿಯ ವಿದೇಶ ಪ್ರಯಾಣವನ್ನು ಮುಚ್ಚಿಟ್ಟರು ಎಂಬುದೇ ಗೃಹ ಸಚಿವಾಲಯದ ಆಕ್ಷೇಪ. ಸಚಿವಾಲಯ 2017ರಲ್ಲಿ ಪೌರತ್ವ ರದ್ದು ಮಾಡಿತು, ಕೋರ್ಟು ಮರುಪರಿಶೀಲಿಸಿ ಎಂದಿತು, 2019ರಲ್ಲಿ ಮತ್ತೆ ರದ್ದಾಯಿತು.

ಶಿರಸಿ ಹೆಗಡೆ: ತೆಲಂಗಾಣದವರೆಗೆ ಯಾಕೆ ಹೋಗಬೇಕು? ಸೋನಿಯಾ ಗಾಂಧಿ 1999ರಲ್ಲಿ ನಮ್ಮ ಬಳ್ಳಾರಿಯಿಂದಲೇ ಗೆದ್ದರಲ್ಲ. ರಾಹುಲ್ ಗಾಂಧಿಯವರ ಬ್ರಿಟಿಷ್ ಪೌರತ್ವದ ಕಥೆ ಇನ್ನೂ ಮುಗಿದಿಲ್ಲ. ಅದರ ಬಗ್ಗೆ ವಕೀಲರಿಗೆ ಬಾಯಿ ಬರುವುದಿಲ್ಲ.

ಕಾರವಾರದ ವಕೀಲ: ಬರುತ್ತದೆ, ಕೇಳಿ. ಸೋನಿಯಾ 1983ರಲ್ಲಿ ನೋಂದಣಿಯ ಮೂಲಕ ಭಾರತದ ಪ್ರಜೆಯಾದವರು. ಸಂಸತ್ತಿಗೆ ನಿಲ್ಲಲು ಪ್ರಜೆಯಾಗಿರಬೇಕು ಎಂದಷ್ಟೇ ಸಂವಿಧಾನ ಹೇಳುತ್ತದೆ, ಇಲ್ಲೇ ಹುಟ್ಟಿರಬೇಕು ಎಂದಲ್ಲ. ಅವರು ಪ್ರಧಾನಿಯಾಗಬಾರದು ಎಂದ ಶರದ್ ಪವಾರ್ 1999ರಲ್ಲಿ ಕಾಂಗ್ರೆಸ್‌ನಿಂದ ಉಚ್ಚಾಟಿತರಾಗಿ ಬೇರೆ ಪಕ್ಷ ಕಟ್ಟಿದ್ದು ರಾಜಕೀಯ, ಕಾನೂನಲ್ಲ. ಇನ್ನು ರಾಹುಲ್: ಬ್ರಿಟನ್ನಿನ ಕಂಪನಿಯೊಂದರ ದಾಖಲೆ ಹಿಡಿದು ಬಂದ ಅರ್ಜಿಯನ್ನು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಕಂಪನಿಯ ಕಾಗದದಲ್ಲಿ ಬ್ರಿಟಿಷ್ ಎಂದು ಬರೆದ ಮಾತ್ರಕ್ಕೆ ಪೌರತ್ವ ಬಂದುಬಿಡುತ್ತದೆಯೇ ಎಂಬುದು ಪೀಠದ ಪ್ರಶ್ನೆಯಾಗಿತ್ತು. ವೇಮುಲವಾಡದ ರಮೇಶ್ ಬಳಿ ಇದ್ದದ್ದು ಜರ್ಮನ್ ಪಾಸ್‌ಪೋರ್ಟ್.

ಭಟ್ಕಳ–ದುಬೈ: ಹೆಗಡೆಯವರೇ, ನನ್ನ ಕಪಾಟಿನಲ್ಲಿ ಅವಧಿ ಮುಗಿದ ಪಾಸ್‌ಪೋರ್ಟುಗಳ ಕಟ್ಟೊಂದು ರಬ್ಬರ್ ಬ್ಯಾಂಡ್ ಬಿಗಿದುಕೊಂಡು ಕೂತಿದೆ. ಪುಟ ತುಂಬಾ ವೀಸಾ, ಒಂದರ ಮೇಲೊಂದು ಬಿದ್ದ ವಲಸೆ ಮುದ್ರೆ. ಅರ್ಧ ಆಯುಸ್ಸು ಅಲ್ಲಿ ದುಡಿದರೂ ನನ್ನ ಹತ್ತಿರ ಇರುವುದು ವಾಸದ ವೀಸಾ ಮಾತ್ರ, ಕೆಲಸ ಹೋದರೆ ಅದೂ ಹೋಗುತ್ತದೆ. ಆದರೂ ಚುನಾವಣೆ ಬಂದಾಗಲೆಲ್ಲ ನಮ್ಮೂರಿನವರನ್ನು ‘ಎರಡು ದೇಶದವರು’ ಎಂದು ಆಡಿಕೊಳ್ಳುವವರಿದ್ದಾರೆ. ಪ್ರಯಾಣದ ದಾಖಲೆ ಬೇರೆ, ಪೌರತ್ವ ಬೇರೆ.

ಮಾಜಾಳಿಯವ: ಗೋವಾ ಗಡಿಯಲ್ಲಿರುವ ನಮಗೆ ಇದು ಮನೆಯೊಳಗಿನ ವಿಷಯ. ಪೋರ್ಚುಗೀಸ್ ಆಳ್ವಿಕೆ ಮುಗಿದ 1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್‌ನಲ್ಲಿ ಜನನ ನೋಂದಾಯಿಸಿ ಪೋರ್ಚುಗಲ್ ಪೌರತ್ವ ಕೇಳಬಹುದು. ಈ ವಿಚಾರದಲ್ಲಿ ಗೋವಾದ ಶಾಸಕರ ಮೇಲೂ ದೂರು ಹೋಗಿತ್ತು. ನನ್ನ ಸೋದರಮಾವನ ಹೆಂಡತಿ ಗೋವಾದ ಕಾಣಕೋಣದವರು, ಅವರ ಮಗ ಹೀಗೆಯೇ ನೋಂದಣಿ ಮಾಡಿಸಿದ್ದಾನೆ. ಅವನೂ ವಿದೇಶಿಯೇ?

ಕಾರವಾರದ ವಕೀಲ: ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದಿದ್ದರೆ ವಾದಕ್ಕೆ ಜಾಗವೇ ಇಲ್ಲ. ವಿದೇಶಿ ಪಾಸ್‌ಪೋರ್ಟ್ ಪಡೆಯುವುದನ್ನು ನಿಯಮಗಳು ಆ ದೇಶದ ಪೌರತ್ವ ಪಡೆದದ್ದಕ್ಕೆ ಖಚಿತ ಪುರಾವೆ ಎನ್ನುತ್ತವೆ, ಸುಪ್ರೀಂ ಕೋರ್ಟ್ 1962ರಲ್ಲೇ ಅದನ್ನು ಎತ್ತಿಹಿಡಿದಿದೆ. ಬರೀ ಜನನ ನೋಂದಣಿ ಎಂದರೆ ಜಗಳ ಶುರು. ಎರಡೂ ಕಡೆ ವಾದಿಸಬಹುದು.

ಶಿರಸಿ ಹೆಗಡೆ: ಸರಿ, ಸೋನಿಯಾ ವಿಷಯ ಬಿಟ್ಟೆ. ಆದರೆ ಹದಿನೈದು ವರ್ಷ ಎಳೆದದ್ದನ್ನು ಹೇಗೆ ಒಪ್ಪುವುದು? ಸಚಿವಾಲಯ ಇಷ್ಟು ತಿಂಗಳೊಳಗೆ ತೀರ್ಮಾನಿಸಬೇಕು ಎಂದು ಕಾಯ್ದೆಯಲ್ಲೇ ಬರೆಯಬೇಕು. ನೇಪಾಳದಲ್ಲಿ ನೋಡಿ, 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪೌರತ್ವ ಸಿಂಧುವಲ್ಲ ಎಂದ ಕೂಡಲೇ ಉಪಪ್ರಧಾನಿ ರವಿ ಲಾಮಿಛಾನೆ ಹುದ್ದೆ ಕಳೆದುಕೊಂಡರು.

ಭಟ್ಕಳ–ದುಬೈ: ಎರಡೇ ದಿನದಲ್ಲಿ ಹೊಸದಾಗಿ ಪೌರತ್ವವನ್ನೂ ಪಡೆದರು. ಅದನ್ನೂ ಹೇಳಿ!

ಅಂಕೋಲಾ ನಾಯಕ: ಹೆಗಡೆಯವರ ಮಾತಿಗೆ ನನ್ನದೂ ಒಂದು ಸೇರಿಸಿ. ಚುನಾವಣಾ ತಕರಾರು ಅರ್ಜಿ ಹಾಕಲು ಸೋತವನಿಗೆ ಇರುವುದು 45 ದಿನ, ತೀರ್ಮಾನಿಸುವ ಸರ್ಕಾರಕ್ಕೆ ಗಡುವೇ ಇಲ್ಲ. ರಮೇಶ್ ಎದುರಾಳಿ ಆದಿ ಶ್ರೀನಿವಾಸ್ ಪಟ್ಟು ಹಿಡಿದು ವರ್ಷಗಟ್ಟಲೆ ಕೋರ್ಟು ಅಲೆದರು, ದಂಡದಲ್ಲಿ 25 ಲಕ್ಷ ಅವರಿಗೇ ಎಂದಾಯಿತು. ಸಾಮಾನ್ಯ ಅಭ್ಯರ್ಥಿ ಅಷ್ಟು ದಿನ ತಡೆದುಕೊಳ್ಳುತ್ತಾನೆಯೇ?

ಮಾಜಾಳಿಯವ: ವಕೀಲರೇ, ನಮ್ಮ ಮಾವನ ಮಗ ಮುಂದಿನ ಸಲ ಪಂಚಾಯಿತಿಗೆ ನಿಲ್ಲುವ ಮಾತಾಡುತ್ತಿದ್ದಾನೆ. ಕರೆದುಕೊಂಡು ಬರಲೇ?

ಕಾರವಾರದ ವಕೀಲ: ಬನ್ನಿ. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕಾದರೂ ಪೌರತ್ವ ಬೇಕು, ಆದ್ದರಿಂದ ನಾಮಪತ್ರಕ್ಕೆ ಮೊದಲೇ ಬನ್ನಿ. ಲಿಸ್ಬನ್‌ನಿಂದ ಬಂದ ಕಾಗದ ಒಂದನ್ನೂ ಬಿಡದೆ ತರಲು ಹೇಳಿ.