ತಾತ್ಕಾಲಿಕ ನಿಯೋಜನೆಯ ಮೇಲೆ ಬೇರೆ ದೇಶಕ್ಕೆ ಹೋಗುವ ರಾಜತಾಂತ್ರಿಕರ ಸ್ಥಾನಮಾನ ಏನಾಗುತ್ತದೆ?

ಪ್ರಶ್ನೆ: ಮಾನ್ಯರೇ, ನನ್ನ ಪತಿ ವಿದೇಶವೊಂದರಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ದ್ವಿತೀಯ ಕಾರ್ಯದರ್ಶಿಯಾಗಿದ್ದಾರೆ. ಮತ್ತೊಂದು ದೇಶದಲ್ಲಿರುವ ನಮ್ಮ ಕಚೇರಿಯಲ್ಲಿ ಅಧಿಕಾರಿಗಳ ಕೊರತೆ ಇರುವುದರಿಂದ ಅವರನ್ನು ಐದು ತಿಂಗಳ ಮಟ್ಟಿಗೆ ಅಲ್ಲಿಗೆ ನಿಯೋಜಿಸಿದ್ದು, ಅವಧಿ ಮುಗಿದ ಮೇಲೆ ಅವರು ಇಲ್ಲಿಗೇ ಮರಳಬೇಕಿದೆ. ಶಾಲೆಯ ಕಾರಣ ನಾನು ಮತ್ತು ಮಕ್ಕಳು ಇಲ್ಲಿಯೇ ಉಳಿಯುತ್ತೇವೆ. ಅವರು ಹೊರಟ ಕೂಡಲೇ ನಮ್ಮ ಗುರುತಿನ ಚೀಟಿ ಮತ್ತು ವಿನಾಯಿತಿಗಳು ರದ್ದಾಗುತ್ತವೆಯೇ? ಇಲ್ಲಿನ ಹುದ್ದೆಯ ಬಲದಿಂದ ಅವರಿಗೆ ಅಲ್ಲಿಯೂ ರಕ್ಷಣೆ ದೊರೆಯುತ್ತದೆಯೇ?

ಉತ್ತರ: ಮೇಡಂ, ನಾನು ಹಲವು ವರ್ಷ ಶಿಷ್ಟಾಚಾರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದವೇ ಇದಕ್ಕೆಲ್ಲ ಆಧಾರ. ಅದರ 43ನೇ ವಿಧಿಯನ್ನು ನೋಡಿದರೆ, ಅಧಿಕಾರಿಯ ಕರ್ತವ್ಯ ಮುಗಿಯಿತೆಂದು ಕಳುಹಿಸಿದ ದೇಶವು ಆತಿಥೇಯ ದೇಶಕ್ಕೆ ತಿಳಿಸುವುದು ಕರ್ತವ್ಯ ಕೊನೆಗೊಳ್ಳುವ ಮುಖ್ಯ ಮಾರ್ಗವೆಂದು ಗೊತ್ತಾಗುತ್ತದೆ. ಹಾಗಾಗಿ ಅವರು ಎಷ್ಟು ದಿನ ದೂರ ಇರುತ್ತಾರೆ ಎನ್ನುವುದಕ್ಕಿಂತ, ಅವರ ನಿರ್ಗಮನದ ಬಗ್ಗೆ ಕಚೇರಿಯು ಏನೆಂದು ಬರೆದು ತಿಳಿಸಿದೆ ಎನ್ನುವುದು ಹೆಚ್ಚು ಮುಖ್ಯ. ಕರ್ತವ್ಯ ಮುಂದುವರಿದಿರುವವರೆಗೆ, ಅವರ ಮನೆಯ ಭಾಗವಾಗಿರುವ ಮತ್ತು ಆತಿಥೇಯ ದೇಶದ ಪ್ರಜೆಗಳಲ್ಲದ ಕುಟುಂಬದವರಿಗೂ 37ನೇ ವಿಧಿಯ ಸವಲತ್ತುಗಳು ಇರುತ್ತವೆ.

ಈ ಮಾತನ್ನು ಒತ್ತಿ ಹೇಳಲು ಒಂದು ಕಾರಣವಿದೆ. ನನ್ನ ಸಹೋದ್ಯೋಗಿಯೊಬ್ಬರು ಹೀಗೆಯೇ ತಾತ್ಕಾಲಿಕವಾಗಿ ಹೊರಟಾಗ, ಅವರ ಕಚೇರಿಯ ಗುಮಾಸ್ತರು ಹಳೆಯ ವರ್ಗಾವಣೆಯ ಮಾದರಿಯನ್ನೇ ನಕಲು ಮಾಡಿದ್ದರು. ರಾಜತಾಂತ್ರಿಕ ಟಿಪ್ಪಣಿ, ಅಂದರೆ ರಾಯಭಾರ ಕಚೇರಿಯು ಆತಿಥೇಯ ದೇಶಕ್ಕೆ ಕಳುಹಿಸುವ ಅಧಿಕೃತ ಪತ್ರವು, "ನಾನು", "ನಾವು" ಎನ್ನದೆ ಪ್ರಥಮ ಪುರುಷದಲ್ಲಿ, ವಿದೇಶಾಂಗ ಸಚಿವಾಲಯಕ್ಕೆ ಗೌರವ ಸಲ್ಲಿಸುವ ಸಾಲಿನೊಂದಿಗೆ ಆರಂಭವಾಗುತ್ತದೆ. ಕೊನೆಯಲ್ಲಿ ಪೂರ್ಣ ಸಹಿ ಇರುವುದಿಲ್ಲ, ಮೊಹರು ಮತ್ತು ಕಿರು ಸಹಿ ಮಾತ್ರ ಇರುತ್ತವೆ. ನಡುವೆ "ಕರ್ತವ್ಯಾವಧಿ ಮುಗಿಸಿ ತೆರಳುತ್ತಿದ್ದಾರೆ" ಎಂಬ ಎರಡು-ಮೂರು ಪದಗಳು ಹಾಗೆಯೇ ಉಳಿದುಬಿಟ್ಟಿದ್ದವು. ಕೆಲವೇ ವಾರಗಳಲ್ಲಿ ಅವರ ಪತ್ನಿಗೆ ಗುರುತಿನ ಚೀಟಿಗಳನ್ನು ಹಿಂದಿರುಗಿಸುವಂತೆ ಪತ್ರ ಬಂತು. ಅದನ್ನು ಸರಿಪಡಿಸುವಷ್ಟರಲ್ಲಿ ಆ ತಾಯಿ ಪಟ್ಟ ಪಾಡು ನನಗೆ ಇಂದಿಗೂ ನೆನಪಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಇಲ್ಲ. ಒಂದು ದೇಶದಲ್ಲಿರುವ ಸ್ಥಾನಮಾನ ಇನ್ನೊಂದು ದೇಶಕ್ಕೆ ತಾನಾಗಿ ಹಿಂಬಾಲಿಸಿ ಬರುವುದಿಲ್ಲ. ಮೂರನೆಯ ದೇಶದ ಬಗ್ಗೆ ಹೇಳುವ 40ನೇ ವಿಧಿಯು, ಹುದ್ದೆ ವಹಿಸಿಕೊಳ್ಳಲು, ಹುದ್ದೆಗೆ ಮರಳಲು ಅಥವಾ ಸ್ವದೇಶಕ್ಕೆ ಹಿಂದಿರುಗಲು ಆ ದೇಶವನ್ನು ಹಾದುಹೋಗುವವರಿಗೆ ಮಾತ್ರ ರಕ್ಷಣೆ ಕೊಡುತ್ತದೆ. ಅಲ್ಲಿ ಕುಳಿತು ಐದು ತಿಂಗಳು ಕೆಲಸ ಮಾಡುವವರಿಗೆ ಅದು ಸಾಲದು. ಆದರೆ 5ನೇ ವಿಧಿಯ ಪ್ರಕಾರ, ಸಂಬಂಧಪಟ್ಟ ದೇಶಗಳಿಗೆ ಸೂಕ್ತವಾಗಿ ತಿಳಿಸಿ, ಅವುಗಳಲ್ಲಿ ಯಾವುದೂ ಸ್ಪಷ್ಟವಾಗಿ ಆಕ್ಷೇಪಿಸದಿದ್ದರೆ, ಒಬ್ಬ ರಾಜತಾಂತ್ರಿಕ ಅಧಿಕಾರಿಯನ್ನು ಒಂದಕ್ಕಿಂತ ಹೆಚ್ಚು ದೇಶಗಳಿಗೆ ನೇಮಿಸಬಹುದು. ಆದ್ದರಿಂದ ಆ ಇನ್ನೊಂದು ದೇಶದ ಸಚಿವಾಲಯಕ್ಕೂ ಅವರ ಹೆಸರು ಅಧಿಕೃತವಾಗಿ ಹೋಗಬೇಕು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ಹೀಗೆ ಹೊರಡುವವರು ಸ್ವತಃ ರಾಯಭಾರಿಯೇ ಆಗಿದ್ದರೆ? ಮರಳಿದಾಗ ಮತ್ತೆ ಅಧಿಕಾರ ಪತ್ರ, ಅಂದರೆ ರಾಯಭಾರಿಯಾಗಿ ನೇಮಕಗೊಂಡಿದ್ದನ್ನು ತಿಳಿಸುವ ಪತ್ರ, ಸಲ್ಲಿಸಬೇಕೇ?

ಉತ್ತರ: ಬೇಕಿಲ್ಲ, ಏಕೆಂದರೆ ಅವರ ನೇಮಕ ಮುಗಿದಿರುವುದಿಲ್ಲ. ಅವರಿಲ್ಲದಾಗ 19ನೇ ವಿಧಿಯಂತೆ ಹಂಗಾಮಿ ಮುಖ್ಯಸ್ಥರೊಬ್ಬರು ಕಚೇರಿಯನ್ನು ನಡೆಸುತ್ತಾರೆ. ಅವರ ಹೆಸರನ್ನು ಸಾಮಾನ್ಯವಾಗಿ ರಾಯಭಾರಿಯೇ ಹೊರಡುವ ಮುನ್ನ ತಿಳಿಸುತ್ತಾರೆ, ಅದು ಸಾಧ್ಯವಾಗದಿದ್ದರೆ ಅವರ ದೇಶದ ವಿದೇಶಾಂಗ ಸಚಿವಾಲಯ ತಿಳಿಸುತ್ತದೆ. ರಾಯಭಾರಿಗಳ ನಡುವಿನ ಹಿರಿತನವನ್ನು ಅವರು ಅಧಿಕಾರ ವಹಿಸಿಕೊಂಡ ದಿನ ಮತ್ತು ಗಳಿಗೆಯಿಂದ ಎಣಿಸುವುದರಿಂದ, ಮರಳಿದ ರಾಯಭಾರಿ ತಮ್ಮ ಹಳೆಯ ಸ್ಥಾನದಲ್ಲೇ ಇರುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಜಲಾಂತರ್ಗಾಮಿ ಒಪ್ಪಂದದ ವಿವಾದದಿಂದಾಗಿ ಫ್ರಾನ್ಸ್ ದೇಶವು ಅಮೆರಿಕ ಮತ್ತು ಆಸ್ಟ್ರೇಲಿಯಾದಲ್ಲಿದ್ದ ತನ್ನ ರಾಯಭಾರಿಗಳನ್ನು ಸಮಾಲೋಚನೆಗೆಂದು ಕರೆಸಿಕೊಂಡಿತ್ತು. ಅದು ಅಸಮಾಧಾನವನ್ನು ತೋರಿಸುವ ಕ್ರಮವಾಗಿದ್ದರೂ ಅವರ ನೇಮಕ ರದ್ದಾಗಿರಲಿಲ್ಲ, ಅದೇ ರಾಯಭಾರಿಗಳು ಬಳಿಕ ಮರಳಿದರು.

ಮೊದಲ ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದಗಳು ಸರ್. ಅವರು ಹೊರಡಲು ಇನ್ನು ಹತ್ತು ದಿನಗಳಿವೆ. ನಾನು ಏನನ್ನು ನೋಡಿಕೊಳ್ಳಬೇಕು?

ಉತ್ತರ: ಟಿಪ್ಪಣಿಯ ಕರಡನ್ನು ಕಳುಹಿಸುವ ಮುನ್ನ ನಿಮ್ಮ ಪತಿಯವರು ಸ್ವತಃ ಓದಲಿ; ಅದರಲ್ಲಿ "ತಾತ್ಕಾಲಿಕ" ಎಂಬ ಪದ, ಮರಳುವ ಅಂದಾಜು ದಿನಾಂಕ ಮತ್ತು ಕುಟುಂಬ ಇಲ್ಲಿಯೇ ಉಳಿಯುತ್ತದೆ ಎಂಬ ವಾಕ್ಯ ಇರಲಿ. ದೀರ್ಘ ಗೈರುಹಾಜರಿಯ ಬಗ್ಗೆ ಆತಿಥೇಯ ದೇಶ ತನ್ನದೇ ನಿಯಮ ಮಾಡಿಕೊಂಡಿರಬಹುದಾದ್ದರಿಂದ, ಅಲ್ಲಿನ ಶಿಷ್ಟಾಚಾರ ವಿಭಾಗವನ್ನು ಕಚೇರಿಯ ಮೂಲಕವೇ ಕೇಳಿಸಿ. ಅವರ ವೀಸಾ ಮರುಪ್ರವೇಶಕ್ಕೆ ಮಾನ್ಯವಾಗಿದೆಯೇ, ನಿಮ್ಮ ಮತ್ತು ಮಕ್ಕಳ ಚೀಟಿಗಳ ಅವಧಿ ಆ ಐದು ತಿಂಗಳ ನಡುವೆ ಮುಗಿಯುತ್ತದೆಯೇ ಎಂದು ಇಂದೇ ನೋಡಿ. ಸಚಿವಾಲಯವು ಸ್ವೀಕರಿಸಿದ ಮುದ್ರೆ ಇರುವ ಟಿಪ್ಪಣಿಯ ಒಂದು ಪ್ರತಿಯನ್ನು ಕೇಳಿ ಪಡೆದು, ನಿಮ್ಮ ಪಾಸ್‌ಪೋರ್ಟುಗಳ ಜೊತೆಯಲ್ಲೇ ಇಟ್ಟುಕೊಳ್ಳಿ.