ಸೆನ್ಸರ್, ಪ್ರೊಸೆಸರ್, ರಿಪೇರಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ಕ್ಯಾಮೆರಾ ರಿಪೇರಿ ಅಣ್ಣ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡ್ತಾರೆ. ವಿಷಯ: ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಮತ್ತು ಇಮೇಜ್ ಪ್ರೊಸೆಸರ್ (ಅದನ್ನ ಫೋಟೋ ಮಾಡೋ ಚಿಪ್). ಯಾವ ಕ್ಯಾಮೆರಾ ತಗೊಳ್ಳಲಿ ಅಂತ ದಯವಿಟ್ಟು ಕೇಳಬೇಡಿ.

ಬೆಣ್ಣೆದೋಸೆ: ಅಣ್ಣ, 50 ಸಾವಿರದೊಳಗೆ ಯಾವ ಕ್ಯಾಮೆರಾ ತಗೊಳ್ಳಲಿ?

ರಿಪೇರಿ ಅಣ್ಣ: ಅಡ್ಮಿನ್ ಬರೆದಿದ್ದನ್ನ ಓದಿ.

ಹೊಸ ಫೋನು: ನನ್ನ ಮೊಬೈಲ್ 200 ಮೆಗಾಪಿಕ್ಸೆಲ್. ಮಾವನ ಹಳೇ ಕ್ಯಾಮೆರಾ 24. ಆದ್ರೂ ಮದುವೆ ಮನೇಲಿ ಮಾವನ ಫೋಟೋನೇ ಚೆನ್ನಾಗಿ ಬಂತು. ಇದು ಹೇಗೆ ಸರ್?

ರಿಪೇರಿ ಅಣ್ಣ: ಮಾವನದು ಫುಲ್ ಫ್ರೇಮ್ ಇರಬೇಕು. ಅದರ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಆ ಅಗಲವನ್ನ 6000 ಪಿಕ್ಸೆಲ್ ಹಂಚಿಕೊಂಡ್ರೆ ಒಂದೊಂದಕ್ಕೂ 6 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಜಾಗ ಸಿಗುತ್ತೆ. ನಿಮ್ಮ ಫೋನಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.6 ಮೈಕ್ರಾನ್. ಅಗಲದಲ್ಲಿ ಹತ್ತು ಪಟ್ಟು ವ್ಯತ್ಯಾಸ ಅಂದ್ರೆ ವಿಸ್ತೀರ್ಣದಲ್ಲಿ ನೂರು ಪಟ್ಟು. ಬೆಳಕು ಬೀಳೋದು ವಿಸ್ತೀರ್ಣದ ಮೇಲೆ. ಅದಕ್ಕೇ ಫೋನು ಕತ್ತಲಲ್ಲಿ 16 ಪಿಕ್ಸೆಲ್ ಒಟ್ಟುಗೂಡಿಸಿ ಒಂದು ಮಾಡಿಕೊಂಡು, ನಿಮಗೆ ಸದ್ದಿಲ್ಲದೆ 12.5 ಮೆಗಾಪಿಕ್ಸೆಲ್ ಫೋಟೋ ಕೊಡುತ್ತೆ. ನಾಲ್ಕು ಪಟ್ಟು ಬೆಳಕು ಸಿಕ್ಕರೆ ನಾಯ್ಸ್ (ಫೋಟೋದಲ್ಲಿ ಕಾಣೋ ಕಾಳುಕಾಳು) ಅರ್ಧಕ್ಕೆ ಇಳಿದ ಹಾಗೆ ಕಾಣುತ್ತೆ. ಹಗಲಲ್ಲಿ ಎರಡೂ ಚೆನ್ನಾಗಿರುತ್ತೆ. ಮದುವೆ ಮನೆ ಹಗಲಲ್ಲ.

ಕರಾವಳಿ ಕ್ಲಿಕ್: ಯಕ್ಷಗಾನ ಆಟದ ಫೋಟೋ ತೆಗೆದ್ರೆ ಅಡ್ಡಡ್ಡ ಪಟ್ಟೆ ಬರ್ತದೆ. ದಗಲೆಯ (ವೇಷದ ಅಂಗಿಯ) ಕೆಂಪು ಬಣ್ಣ ಗೋಡೆಗೆ ಪೇಂಟ್ ಬಳಿದ ಹಾಗೆ, ಒಂದು ಮಡಿಕೆಯೂ ಕಾಣುದಿಲ್ಲ. ಫೋನಲ್ಲಿ ಪಟ್ಟೆ ಇಲ್ಲ, ಆದ್ರೆ ಬಣ್ಣದ ವೇಷದ ಮುಖದ ಚಿಟ್ಟಿ ಎಲ್ಲ ಕರಗಿ ಹೋಗ್ತದೆ ಮಾರಾಯ್ರೆ. ಮಿರರ್‌ಲೆಸ್, ಸೈಲೆಂಟ್ ಶಟರ್, 1/500 ಸೆಕೆಂಡ್.

ರಿಪೇರಿ ಅಣ್ಣ: ಒಳ್ಳೇ ಪ್ರಶ್ನೆ. ಇದರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇದೆ.

ಪಟ್ಟೆಗೆ ಕಾರಣ ಸೈಲೆಂಟ್ ಶಟರ್. ಅದರಲ್ಲಿ ಸೆನ್ಸರ್ ಸಾಲುಸಾಲಾಗಿ ಓದಿಕೊಳ್ಳುತ್ತೆ, ಒಂದೇ ಏಟಿಗೆ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಟುಕುತ್ತೆ. ದೀಪ ಉರಿದಾಗ ಓದಿದ ಸಾಲು ಬೆಳ್ಳಗೆ, ಮಂಕಾದಾಗ ಓದಿದ್ದು ಕಪ್ಪಗೆ. ಮೆಕ್ಯಾನಿಕಲ್ ಶಟರ್ ಹಾಕಿ, 1/100ಕ್ಕೆ ಇಳಿಸಿ. ದಿಗಿಣ (ಗಿರಕಿ ಹೊಡೆದು ಹಾರೋದು) ತೆಗೆಯುವಾಗ 1/100 ಸಾಲಲ್ಲ, ಆಗ ಆಂಟಿ ಫ್ಲಿಕರ್ ಆನ್ ಮಾಡಿ. ದೀಪ ಪೂರ್ತಿ ಉರಿಯುವ ಗಳಿಗೆ ಕಾದು ಶಟರ್ ಬಿಡುತ್ತೆ. ಡಿಮ್ಮರ್ ಹಾಕಿದ ಸ್ಟೇಜ್ ಲೈಟಿಗೆ ಇದೂ ಕೆಲವು ಸಲ ಕೈಕೊಡುತ್ತೆ.

ಕೆಂಪಿನ ಕತೆ ಬೇರೆ. ಸೆನ್ಸರ್‌ಗೆ ಬಣ್ಣ ಗೊತ್ತಿಲ್ಲ, ಬೆಳಕಿನ ಪ್ರಮಾಣ ಮಾತ್ರ ಗೊತ್ತು. ಕೊಡಾಕ್‌ನ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕಿದ ವಿನ್ಯಾಸವೇ ಇವತ್ತಿಗೂ ನಡೀತಿರೋದು: ಅರ್ಧ ಪಿಕ್ಸೆಲ್ ಮೇಲೆ ಹಸಿರು ಫಿಲ್ಟರ್, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಉಳಿದ ಬಣ್ಣಗಳನ್ನ ಪ್ರೊಸೆಸರ್ ಅಕ್ಕಪಕ್ಕ ನೋಡಿ ಲೆಕ್ಕ ಹಾಕುತ್ತೆ. ಕೆಂಪು ಬಟ್ಟೆಗೆ ಕೆಂಪು ಲೈಟು ಬಿದ್ದಾಗ ಆ ಕಾಲು ಭಾಗ ಮೊದಲೇ ತುಂಬಿ ನಿಂತುಬಿಡುತ್ತೆ. ಹಸಿರು, ನೀಲಿ ಇನ್ನೂ ಖಾಲಿ ಇರೋದ್ರಿಂದ ಮಾಮೂಲಿ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸೋ ನಕ್ಷೆ) ಎಲ್ಲ ಸರಿಯಿದೆ ಅನ್ನುತ್ತೆ. ಮೂರು ಬಣ್ಣಕ್ಕೆ ಬೇರೆ ಬೇರೆ ತೋರಿಸೋ ಹಿಸ್ಟೋಗ್ರಾಮ್ ಇಟ್ಟುಕೊಳ್ಳಿ, ಕೆಂಪು ಬಲಗಡೆ ಗೋಡೆಗೆ ತಾಗದ ಹಾಗೆ ಎಕ್ಸ್‌ಪೋಷರ್ ಇಳಿಸಿ, ರಾ (ಸೆನ್ಸರ್ ಕೊಟ್ಟ ಕಚ್ಚಾ ಫೈಲ್) ದಲ್ಲಿ ತೆಗೆಯಿರಿ. 14 ಬಿಟ್ ರಾ ದಲ್ಲಿ ಒಂದೊಂದು ಬಣ್ಣಕ್ಕೆ 16,384 ಮೆಟ್ಟಿಲು, ಜೆಪೆಗ್‌ನಲ್ಲಿ 256. ಕತ್ತಲೆಯನ್ನ ಆಮೇಲೆ ಎತ್ತಬಹುದು. ಸೆನ್ಸರ್‌ನಲ್ಲಿ ತುಂಬಿ ಹೋದ ಕೆಂಪಿನ ಮಡಿಕೆಯನ್ನ ಯಾವ ಪ್ರೊಸೆಸರೂ ವಾಪಸ್ ತರಲ್ಲ.

ಇನ್ನು ಚಿಟ್ಟಿ. ಅಕ್ಕಿ ಹಿಟ್ಟಿನ ಆ ಸಣ್ಣ ಸಣ್ಣ ಮುಳ್ಳನ್ನ ಫೋನಿನ ಪ್ರೊಸೆಸರ್ ನಾಯ್ಸ್ ಅಂತ ತಿಳಿದು ಒರೆಸಿ ಹಾಕುತ್ತೆ. ಫೋನು ಹಲವು ಫ್ರೇಮ್ ತೆಗೆದು ಒಂದರ ಮೇಲೊಂದು ಕೂರಿಸಿ ಸರಾಸರಿ ಮಾಡುತ್ತೆ. 9 ಫ್ರೇಮ್ ಸರಿಯಾಗಿ ಕೂತರೆ ನಾಯ್ಸ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ, ಕಲ್ಲಿನ ದೇವಸ್ಥಾನಕ್ಕೆ ಅದು ಬಹಳ ಚೆನ್ನ. ವೇಷಧಾರಿ ತಲೆ ತಿರುಗಿಸಿದ ಅಂದ್ರೆ ಫ್ರೇಮ್‌ಗಳು ಕೂರಲ್ಲ, ಆಗ ಉಳಿಯೋದು ಒರೆಸೋದೊಂದೇ. ಕ್ಯಾಮೆರಾದಲ್ಲಿ ಹೈ ಐಎಸ್ಒ ನಾಯ್ಸ್ ರಿಡಕ್ಷನ್ (ಕತ್ತಲಲ್ಲಿ ಸಿಗ್ನಲ್ ಹಿಗ್ಗಿಸಿದಾಗ ಕಾಣೋ ನಾಯ್ಸ್ ಒರೆಸೋ ಸೆಟ್ಟಿಂಗ್) ಲೋ ಮಾಡಿ.

ಕರಾವಳಿ ಕ್ಲಿಕ್: ಭಾರೀ ಉಪಕಾರ ಆಯ್ತು. ನಾಡಿದ್ದು ಆಟ ಉಂಟು, ನೋಡ್ತೇನೆ.

ಗ್ಯಾಜೆಟ್ ಗುರು: ಸರ್, 200 ಎಂಪಿ ಫೋನ್ ಒಳ್ಳೇದಾ 24 ಎಂಪಿ ಕ್ಯಾಮೆರಾ ಒಳ್ಳೇದಾ?

ರಿಪೇರಿ ಅಣ್ಣ: ಮೇಲಿದೆ.

ಓಣಿ ಹುಡುಗ: ನಮಸ್ಕಾರ್ರೀ. ಗಣಪತಿ ಕಳಸೋ ಮೆರವಣಿಗ್ಯಾಗ ಡಿಜೆ ಗಾಡಿ ಮುಂದ ನಿಂತು ವಿಡಿಯೋ ಮಾಡಾಕತ್ತಿದ್ದೆ. ಲೇಸರ್ ಲೈಟು ಸೀದಾ ಲೆನ್ಸಿಗೆ ಬಡೀತು. ಆವಾಗಿಂದ ಎಲ್ಲಾ ಫೋಟೋದಾಗೂ ಮ್ಯಾಲಿಂದ ಕೆಳಗ ಒಂದು ಗುಲಾಬಿ ಗೆರಿ, ಗೆರಿ ಮ್ಯಾಲ ಒಂದು ಬಿಳಿ ಚುಕ್ಕಿ. ಡಿಎಸ್‌ಎಲ್‌ಆರ್ ಐತ್ರಿ. ರೀಸೆಟ್ ಮಾಡಿದ್ರೂ ಹೋಗವಲ್ದು. ಆಮ್ಯಾಲೆ ವ್ಯೂಫೈಂಡರ್‌ನಾಗ ನೋಡಿ ಫೋಟೋ ತೆಗಿಯೋವಾಗೂ ಒಮ್ಮೆ ಹೊಡೀತು, ಬಲಗಣ್ಣಾಗ ನಿನ್ನೆಯಿಂದ ಸಣ್ಣ ಕಲಿ ಇದ್ದಂಗ ಕಾಣತೈತಿ, ಅದೇನರ ಇರಲಿ. ಸೆನ್ಸರ್ ರಿಪೇರಿ ಆಗತೈತೇನ್ರಿ?

ರಿಪೇರಿ ಅಣ್ಣ: ಮೊದಲು ಕಣ್ಣು. 'ಅದೇನರ ಇರಲಿ' ಅಂತ ಬರೆದಿದ್ದೀರಲ್ಲ, ಅದು ಇರಲಿ ಅನ್ನೋ ವಿಷಯ ಅಲ್ಲವೇ ಅಲ್ಲ. ಡಿಎಸ್‌ಎಲ್‌ಆರ್ ವ್ಯೂಫೈಂಡರ್‌ನಲ್ಲಿ ಸ್ಕ್ರೀನ್ ಇರಲ್ಲ. ಲೆನ್ಸಿಗೆ ಬಂದ ಬೆಳಕು ಕನ್ನಡಿಗೆ ಬಡಿದು, ಪ್ರಿಸಮ್‌ನಲ್ಲಿ ತಿರುಗಿ, ನೇರ ನಿಮ್ಮ ಕಣ್ಣೊಳಗೆ ಹೋಗುತ್ತೆ. ಸೆನ್ಸರ್ ಸುಟ್ಟ ಬೆಳಕು ಅದೇ. ನೋವಿಲ್ಲ ಅಂತ ಸುಮ್ಮನಿರಬೇಡಿ, ರೆಟಿನಾ ಸುಟ್ಟರೆ ನೋವಾಗಲ್ಲ. ನಾಳೆ ಬೆಳಿಗ್ಗೆ ರೆಟಿನಾ ನೋಡುವ ಡಾಕ್ಟರ ಹತ್ತಿರ ಹೋಗಿ, ಲೇಸರ್ ಬಿತ್ತು ಅಂತ ಬಾಯಿಬಿಟ್ಟು ಹೇಳಿ. ಚಷ್ಮಾ ಅಂಗಡಿಯಲ್ಲಿ ನಂಬರ್ ನೋಡಿಸಿಕೊಂಡು ಬಂದರೆ ಪ್ರಯೋಜನವಿಲ್ಲ.

ಈಗ ಸೆನ್ಸರ್. ಬಲ್ಬಿನ ಬೆಳಕು ಎಲ್ಲಾ ಕಡೆ ಹರಡುತ್ತೆ. ಲೇಸರ್ ಹೆಚ್ಚು ಹರಡದೆ ಬರುತ್ತೆ, ನಿಮ್ಮ ಲೆನ್ಸು ಅದನ್ನ ಕೂದಲೆಳೆಗಿಂತ ಸಣ್ಣ ಚುಕ್ಕಿಗೆ ಇಳಿಸುತ್ತೆ. ಕೈಯಲ್ಲಿ ಹಿಡಿಯೋ ಪಾಯಿಂಟರ್ 5 ಮಿಲಿವ್ಯಾಟ್ ದಾಟಬಾರದು ಅನ್ನೋದು ಲೆಕ್ಕ. ಡಿಜೆ ಗಾಡಿ ಮೇಲಿನವು ವ್ಯಾಟ್‌ಗಟ್ಟಲೆ ಇರುತ್ತವೆ. ಆ ಬಿಳಿ ಚುಕ್ಕಿ ಬೆಂಕಿ ಬಿದ್ದ ಜಾಗ. ಗೆರೆ ಯಾಕಂದ್ರೆ, ಮೇಲಿಂದ ಕೆಳಗಿನ ಒಂದು ಸಾಲಿನ ಪಿಕ್ಸೆಲ್‌ಗಳೆಲ್ಲ ಒಂದೇ ತಂತಿಯ ಮೂಲಕ ತಮ್ಮ ಸಿಗ್ನಲ್ ಕಳಿಸುತ್ತವೆ. ತಂತಿ ಹೋದರೆ ಸಾಲಿಗೆ ಸಾಲೇ ಹೋಯ್ತು. ಒಂದೆರಡು ಹಾಟ್ ಪಿಕ್ಸೆಲ್ (ಬೆಳಕಿಲ್ಲದಿದ್ರೂ ಉರಿಯೋ ಪಿಕ್ಸೆಲ್) ಆಗಿದ್ದರೆ ಪ್ರೊಸೆಸರ್ ಪಕ್ಕದವರ ಬೆಲೆ ತೆಗೆದು ತುಂಬಿಸಿಕೊಳ್ಳುತ್ತೆ, ಪಿಕ್ಸೆಲ್ ಮ್ಯಾಪಿಂಗ್ ಮಾಡೋದು ಅದನ್ನೇ. ಇದಕ್ಕೆ ಅದು ನಡೆಯಲ್ಲ. ಸೆನ್ಸರ್ ಬಿಚ್ಚಿ ರಿಪೇರಿ ಅನ್ನೋದಿಲ್ಲ, ಪೂರ್ತಿ ಬದಲಾಯಿಸಬೇಕು. ಹಳೇ ಬಾಡಿ ಆದ್ರೆ ಆ ದುಡ್ಡಿಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಬಾಡಿ ಬರುತ್ತೆ. ವಾರಂಟಿ ನಂಬಿಕೊಂಡು ಕೂರಬೇಡಿ, ಲೇಸರ್‌ಗೆ ಹಿಡಿಯಬೇಡಿ ಅಂತ ಕಂಪನಿಗಳು ಮ್ಯಾನುಯಲ್‌ನಲ್ಲೇ ಬರೆದಿರುತ್ತವೆ.

ಮಿರರ್‌ಲೆಸ್‌ನವರಿಗೆ: ವ್ಯೂಫೈಂಡರ್‌ನಲ್ಲಿ ನೋಡೋ ಕಣ್ಣಿಗೆ ಸ್ಕ್ರೀನ್ ಅಡ್ಡ ಇದೆ, ಆ ಕಣ್ಣು ಉಳಿಯುತ್ತೆ. ಸೆನ್ಸರ್‌ಗೆ ಅಡ್ಡ ಏನೂ ಇಲ್ಲ, ಕ್ಯಾಮೆರಾ ಆನ್ ಇದ್ದಷ್ಟು ಹೊತ್ತೂ ತೆರೆದೇ ಇರುತ್ತೆ. ಲೇಸರ್ ಜನರ ಕಡೆ ತಿರುಗಿದ ಕೂಡಲೇ ಲೆನ್ಸ್ ಕೆಳಗೆ ಮಾಡಿ.

ಊರ ಹಬ್ಬ: ಡೊಳ್ಳು ಬಾರಿಸ್ತಿದ್ದ ಕಾಲದಲ್ಲಿ ಯಾರ ಕ್ಯಾಮೆರಾನೂ ಸುಟ್ಟಿರಲಿಲ್ಲ.

ಟಾಪ್ ಬೇಸ್: ಹಬ್ಬ ಅಂದ್ರೆ ಮಾತ್ರ ನಿಮಗೆ ಡಿಜೆ ಕಾಣುತ್ತೆ. ಮದುವೆ ರಿಸೆಪ್ಷನ್‌ನಲ್ಲಿ ಲೇಸರ್ ಇಲ್ವಾ?

ಊರ ಹಬ್ಬ: ಅಲ್ಲೂ ಬೇಡ. ಕೂಸಿನ ಕಣ್ಣಿಗೆ ಬಿದ್ದರೆ ನೀವು ನೋಡ್ಕೋತೀರಾ?

ಟಾಪ್ ಬೇಸ್: ಕ್ಯಾಮೆರಾ ಗ್ರೂಪು ಅಂತ ಸೇರಿದ್ದೆ. ಪ್ರವಚನದ ಗ್ರೂಪು ಅಂತ ಗೊತ್ತಿರಲಿಲ್ಲ.

ಅಡ್ಮಿನ್: ಇಬ್ಬರೂ ಸಾಕು.

ಶುಭೋದಯ ಅಂಕಲ್: ಬಂದಿದ್ದನ್ನ ಹಾಕ್ತಿದ್ದೇನೆ: "ಸೆನ್ಸರ್‌ನಲ್ಲಿ ಗೆರೆ ಅಥವಾ ಚುಕ್ಕಿ ಬಂದರೆ ಕ್ಯಾಮೆರಾವನ್ನು ಅಕ್ಕಿ ಡಬ್ಬದಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಇಯರ್‌ಬಡ್‌ಗೆ ಸೆಂಟ್ ಹಾಕಿ ಒರೆಸಿ. ಎಲ್ಲರಿಗೂ ಹಂಚಿ."

ರಿಪೇರಿ ಅಣ್ಣ: ಹಂಚಬೇಡಿ. ಅಕ್ಕಿಯ ಧೂಳು ಒಳಗೆ ಹೋಗುತ್ತೆ. ಸೆಂಟಿನ ಎಣ್ಣೆ ಸೆನ್ಸರ್ ಮೇಲಿನ ಗಾಜಿನ ಮೇಲೆ ಮೋಡದ ಹಾಗೆ ಕೂರುತ್ತೆ, ಅದನ್ನ ತೆಗೆಯೋದು ನಾನು. ಧೂಳೋ ಅಲ್ಲವೋ ನೋಡಬೇಕಾದ್ರೆ ಎಫ್ 16 ಇಟ್ಟು (ಲೆನ್ಸಿನ ಕಿಂಡಿ ಸಣ್ಣದು ಮಾಡಿ) ಬರೀ ಆಕಾಶದ ಎರಡು ಫೋಟೋ ತೆಗೆಯಿರಿ. ಎರಡು ಫೋಟೋದಲ್ಲೂ ಅದೇ ಜಾಗದಲ್ಲಿ ಮಂಕು ಚುಕ್ಕಿ ಇದ್ದು, ಲೆನ್ಸ್ ಬದಲಿಸಿದ್ರೂ ಉಳಿದರೆ ಧೂಳು. ಕ್ಯಾಮೆರಾ ಮುಖ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಲ್ಲಿ ಊದಬೇಡಿ, ಉಗುಳು ಬೀಳುತ್ತೆ. ಡಬ್ಬದ ಗಾಳಿ ಹೊಡೆಯಬೇಡಿ.

ಶುಭೋದಯ ಅಂಕಲ್: ನಾನು ಬರೆದಿದ್ದಲ್ಲ, ಬಂದಿದ್ದು.

ರಿಪೇರಿ ಅಣ್ಣ: ಬಂದಿದ್ದು ಅಲ್ಲೇ ಇರಲಿ.

ಮಲೆನಾಡ ಮಳೆ: ಹಳೇ ಸಿಸಿಡಿ ಸೆನ್ಸರ್ ಇರೋ ಕ್ಯಾಮೆರಾಗಳ ಬಣ್ಣ ಈಗಿನದಕ್ಕಿಂತ ಚೆನ್ನಾಗಿರುತ್ತಂತೆ, ನಿಜವಾ ಅಣ್ಣ?

ಕೋಡ್ ಮತ್ತು ಕಾಫಿ: ಸೆನ್ಸರ್ ಸೈಜು ಎಲ್ಲ ಹಳೇ ಮಾತು. ನಾನು ಕಬಿನಿಯಲ್ಲಿ ಐಎಸ್ಒ 12800ರಲ್ಲಿ ಚಿರತೆ ತೆಗೆದೆ. ಎಐ ಡಿನಾಯ್ಸ್ ಹೊಡೆದೆ, ಬೆಣ್ಣೆ.

ಸಫಾರಿ ಜೀಪು: ಬೆಣ್ಣೆನೇ. ಆ ಫೋಟೋ ನೋಡಿದೀನಿ, ಒಂದು ಕೆನ್ನೆಯ ಮೀಸೆ ಅರ್ಧಕ್ಕೆ ನಿಂತು ಎಲೆಯೊಳಗೆ ಹೋಗಿದೆ.

ಕೋಡ್ ಮತ್ತು ಕಾಫಿ: ನಿಮ್ಮ ಲೆನ್ಸ್ ರೇಟಿಗೆ ನನ್ನ ಕಾರು ಬರುತ್ತೆ, ಹೊಟ್ಟೆಕಿಚ್ಚು ಯಾಕೆ?

ಸಫಾರಿ ಜೀಪು: ಹೊಟ್ಟೆಕಿಚ್ಚು ಅಲ್ಲ, ಮೀಸೆ ಎಣಿಸ್ತಿದ್ದೆ.

ರಿಪೇರಿ ಅಣ್ಣ: ಸೆನ್ಸರ್‌ಗೆ ಸಿಗದೇ ಇದ್ದದ್ದನ್ನ ಪ್ರೊಸೆಸರ್ ಊಹಿಸುತ್ತೆ. ಊಹೆ ಚೆನ್ನಾಗಿಯೇ ಇರಬಹುದು. ಮನೆ ಗೋಡೆಗೆ ಹಾಕಿ. ಸ್ಪರ್ಧೆಗೆ ಕಳಿಸೋದಾದ್ರೆ ರಾ ಫೈಲ್ ಅಳಿಸಬೇಡಿ.

ಹಳದಿ ಪಟ್ಟಿ: ನಿಕಾನ್ ಬಣ್ಣ ಸೋನಿಗೆ ಬರಲ್ಲ ಬಿಡಿ.

ಕೋಡ್ ಮತ್ತು ಕಾಫಿ: ನಿಕಾನ್‌ನ ಎಷ್ಟೋ ಕ್ಯಾಮೆರಾದೊಳಗೆ ಇರೋದೇ ಸೋನಿ ಮಾಡಿದ ಸೆನ್ಸರ್.

ಹಳದಿ ಪಟ್ಟಿ: ಹಾಗಾದ್ರೆ ಬಣ್ಣ ಯಾಕೆ ಬೇರೆ? ನಿಕಾನ್‌ನ ಎಕ್ಸ್‌ಪೀಡ್ ಪ್ರೊಸೆಸರ್ ಸುಮ್ಮನೆ ಇದೆಯಾ? ಅಣ್ಣ, ನೀವೇ ಹೇಳಿ.

ಸ್ಟುಡಿಯೋ ಮಗ: 200 ಮೆಗಾಪಿಕ್ಸೆಲ್ ಅಂದ್ರೆ ಫ್ಲೆಕ್ಸ್ ಪ್ರಿಂಟ್‌ಗೆ ಒಳ್ಳೇದು ಅಲ್ವಾ ಅಣ್ಣ?

ರಿಪೇರಿ ಅಣ್ಣ: ಮೂರನೇ ಸಲ. ಮೇಲಕ್ಕೆ ಹೋಗಿ ಓದ್ರಪ್ಪ.

ಬೆಣ್ಣೆದೋಸೆ: 60 ಸಾವಿರದೊಳಗೆ ಆದ್ರೆ?

ಓಣಿ ಹುಡುಗ: ಸರ, ಕಣ್ಣು ತಾನ ಸರಿಹೊಕ್ಕೈತಿ ಬಿಡ್ರಿ, ನಮ್ಮ ಕಾಕಾ ಗುಲಾಬಿ ನೀರು ಹಾಕ್ಕೋ ಅಂದಾರ. ಗೆರಿ ಬಿದ್ದ ಬಾಡಿ ಎಕ್ಸ್‌ಚೇಂಜಿಗೆ ಕೊಟ್ರ ಎಷ್ಟು ಬರತೈತಿ?

ರಿಪೇರಿ ಅಣ್ಣ: ಗುಲಾಬಿ ನೀರು ಹಾಕಬೇಡಿ. ಏನನ್ನೂ ಹಾಕಬೇಡಿ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಈ ಸಾಲು ಓದಿ. ನೋಡಿದ ಅಕ್ಷರವೇ ಮಾಯ ಆಗ್ತಿದ್ರೆ ನಾಳೆವರೆಗೂ ಕಾಯಬೇಡಿ, ಈಗಲೇ ಎಮರ್ಜೆನ್ಸಿಗೆ ಹೋಗಿ. ಆಗದಿದ್ರೂ ಬೆಳಿಗ್ಗೆ ಹೋಗಲೇಬೇಕು. ಡಾಕ್ಟರ ಚೀಟಿ ಇಲ್ಲಿ ತೋರಿಸೋವರೆಗೂ ನಾನು ರೇಟು ಹೇಳಲ್ಲ.

ಅಡ್ಮಿನ್: ಕಾಮೆಂಟ್ ಬಂದ್ ಮಾಡ್ತಿದ್ದೀನಿ. ಓಣಿ ಹುಡುಗ, ನೀವು ಮಾತ್ರ ನನಗೆ ಮೆಸೇಜ್ ಮಾಡಿ.